ಕಲ್ಲು ಎಷ್ಟು ಬೆಂದಿದೆ ಎಂದು ಮೊದಲು ಕೇಳಿ

ಮಾನ್ಯ ಸಂಪಾದಕರೇ,

ಕಲಬುರಗಿ, ಯಾದಗಿರಿ, ಬಾಗಲಕೋಟೆಯ ನೆಲದಡಿ ತೈಲವೋ ಅನಿಲವೋ ಇರಬಹುದೇ ಎಂಬ ಚರ್ಚೆ ಕನ್ನಡ ಪತ್ರಿಕೆಗಳಲ್ಲಿ ಆಗಾಗ ತಲೆ ಎತ್ತುತ್ತದೆ. ದೇಶದ 26 ಜಲಜ ಶಿಲಾ ಕೊಳ್ಳಗಳ (ಹೂಳು ಕೂತು ಕಲ್ಲಾದ ತಗ್ಗುಗಳ) ಸರ್ಕಾರಿ ಪಟ್ಟಿಯಲ್ಲಿ ಭೀಮಾ-ಕಲಾದಗಿ ಕೊಳ್ಳವೂ ಇದೆ, ಮೂರನೆಯ ವರ್ಗದಲ್ಲಿ, ಅಂದರೆ ತೈಲ ಇನ್ನೂ ಪತ್ತೆಯಾಗಬೇಕಾದ ಕೊಳ್ಳಗಳ ಸಾಲಿನಲ್ಲಿ. ಪಟ್ಟಿಯಲ್ಲಿ ಹೆಸರಿದೆ ಎಂದು ಆಸೆ ಹುಟ್ಟಿಸುವವರು ಒಂದು ಕಡೆ, ಕಲ್ಲು ತೀರಾ ಹಳೆಯದು, ಏನೂ ಸಿಗದು ಎಂದು ಕೈಬಿಡುವವರು ಇನ್ನೊಂದು ಕಡೆ. ಕಲ್ಲಿನಲ್ಲಿ ಹೂತ ಜೀವಾಂಶ ತಕ್ಕಷ್ಟು ಕಾವಿಗೆ ಬೆಂದರೆ ಮಾತ್ರ ಎಣ್ಣೆಯೋ ಅನಿಲವೋ ಆಗುತ್ತದೆ. ಹಾಗಿದ್ದೂ ಇಬ್ಬರೂ ಕೇಳದೆ ಬಿಡುವ ಪ್ರಶ್ನೆ ಒಂದೇ: ಆ ಪದರುಗಳು ಹಿಂದೆ ಎಷ್ಟು ಆಳಕ್ಕೆ ಹೂತಿದ್ದವು, ಎಷ್ಟು ಕಾವು ಉಂಡವು, ಯಾವ ಕಾಲದಲ್ಲಿ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಕ್ರಮ ಭೂವಿಜ್ಞಾನದಲ್ಲಿ ಚೆನ್ನಾಗಿ ಬೆಳೆದಿದೆ. ಅದು ಓದುಗರಿಗೂ ವರದಿಗಾರರಿಗೂ ಗೊತ್ತಿದ್ದರೆ ಚರ್ಚೆಯ ಮಟ್ಟವೇ ಬದಲಾಗುತ್ತದೆ ಎಂಬ ಕಾರಣಕ್ಕೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇವೆ.

ಆಳ ಒಂದನ್ನೇ ನಂಬಿದರೆ ಏನಾಗುತ್ತದೆ ನೋಡಿ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಕೆಳಗೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಷ್ಟೇ ಆಳಕ್ಕೆ ಗುಜರಾತಿನ ಖಂಭಾತ್ ಕೊಳ್ಳದಲ್ಲಿ ಇಳಿದರೆ 130 ಡಿಗ್ರಿ ಮೀರುತ್ತದೆ. ಎರಡೂ ಕಡೆ ನೆಲದ ಮೇಲಿನ ಸರಾಸರಿ ಉಷ್ಣತೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಕೆಳಗಿನಿಂದ ಏರಿಬರುವ ಶಾಖದಲ್ಲಿ. ಕೋಲಾರ ಇರುವ ಧಾರವಾಡ ಶಿಲಾಫಲಕದಲ್ಲಿ (ಬಹು ಪುರಾತನವಾದ ಗಟ್ಟಿ ನೆಲದ ತುಂಡು) ಅದು ಚದರ ಮೀಟರಿಗೆ ಸುಮಾರು 30ರಿಂದ 45 ಮಿಲಿವಾಟ್. ಖಂಭಾತ್ ಕೊಳ್ಳದ ಉತ್ತರ ಭಾಗದಲ್ಲಿ 75ರಿಂದ 93. ಒಂದೇ ಬಗೆಯ ಜೇಡಿಶಿಲೆಯನ್ನು ಎರಡೂ ಕಡೆ 3 ಕಿಲೋಮೀಟರ್ ಆಳದಲ್ಲಿ ಹೂತಿಟ್ಟರೆ ಒಂದು ಕಡೆ ಅದು ಹಸಿಯಾಗಿಯೇ ಉಳಿಯುತ್ತದೆ, ಇನ್ನೊಂದು ಕಡೆ ಎಣ್ಣೆ ಬಿಟ್ಟು ಮುಗಿಸುವ ಹಂತಕ್ಕೆ ಬಂದಿರುತ್ತದೆ.

ಖಂಭಾತನ್ನೇ ಉದಾಹರಣೆಯಾಗಿ ಹಿಡಿಯೋಣ. ಅಲ್ಲಿ 1958ರಲ್ಲಿ ಲುಣೇಜ್‌ನಲ್ಲಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಿತು. ಆದ್ದರಿಂದ ಲೆಕ್ಕವನ್ನು ಫಲದೊಡನೆ ತಾಳೆ ನೋಡಬಹುದು. ಕೊಳ್ಳದ ತಳದಲ್ಲಿ ಸುಮಾರು 6.6 ಕೋಟಿ ವರ್ಷ ಹಳೆಯ ದಖ್ಖನ್ ಬಸಾಲ್ಟ್. ಅದರ ಮೇಲೆ ಬಸಾಲ್ಟೇ ಕೊಚ್ಚಿಬಂದು ಕೂತ ಓಲ್ಪಾಡ್ ಪದರು, ಅದರ ಮೇಲೆ ಮೂಲಶಿಲೆಯಾದ, ಅಂದರೆ ಎಣ್ಣೆ ಹುಟ್ಟುವ ಕಲ್ಲಾದ ಕ್ಯಾಂಬೇ ಶೇಲ್. ಅದಕ್ಕೂ ಮೇಲೆ ಉತ್ತರದಲ್ಲಿ ಕಲೋಲ್, ದಕ್ಷಿಣದಲ್ಲಿ ಅಂಕಲೇಶ್ವರ ಪದರುಗಳು, ಆಮೇಲೆ ತಾರಾಪುರ ಜೇಡಿಶಿಲೆ. ಹೀಗೆ ಇಂದಿನ ಮೆಕ್ಕಲುಮಣ್ಣಿನವರೆಗೆ ಒಂದರ ಮೇಲೊಂದು ಕೂತಿವೆ.

ಮೊದಲ ಕೆಲಸ ಹೂಳಿನ ಚರಿತ್ರೆ. ಪ್ರತಿ ಪದರಿನ ದಪ್ಪ, ಅದರಲ್ಲಿ ಜೇಡಿ ಎಷ್ಟು ಮರಳು ಎಷ್ಟು, ತಳದ ವಯಸ್ಸು ಮತ್ತು ನೆತ್ತಿಯ ವಯಸ್ಸು, ಇಷ್ಟನ್ನು ಬಾವಿಯ ಲಾಗ್ (ಬಾವಿಗೆ ಇಳಿಸಿದ ಉಪಕರಣ ಆಳದುದ್ದಕ್ಕೂ ಬರೆದ ಅಳತೆ) ಮತ್ತು ಸೂಕ್ಷ್ಮ ಪಳೆಯುಳಿಕೆಗಳಿಂದ ಕಟ್ಟಬೇಕು. ಇಂದಿನ ದಪ್ಪವನ್ನೇ ಅಂದಿನ ದಪ್ಪ ಎಂದು ಹಿಡಿಯುವುದು ಹೊಸಬರು ಮಾಡುವ ಮೊದಲ ತಪ್ಪು. ಕೆಸರು ಕೂತಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಮೇಲಿನ ಭಾರಕ್ಕೆ ಅದು ಹಿಂಡಿಹೋಗುತ್ತದೆ. ಸ್ಕ್ಲೇಟರ್ ಮತ್ತು ಕ್ರಿಸ್ಟಿ 1980ರಲ್ಲಿ ಕೊಟ್ಟ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಜೇಡಿಶಿಲೆಗೆ ಮೇಲ್ಮೈಯಲ್ಲಿ ಶೇ 63ರಷ್ಟು ಸರಂಧ್ರತೆ (ಕಣಗಳ ನಡುವಿನ ತೆರವಿನ ಪಾಲು), ಕಿಲೋಮೀಟರಿಗೆ 0.51ರ ಘಾತದಲ್ಲಿ ಇಳಿಕೆ. ಮರಳುಗಲ್ಲಿಗೆ ಶೇ 49, ಇಳಿಕೆ 0.27. ಈ ಲೆಕ್ಕದಂತೆ 3 ಕಿಲೋಮೀಟರ್ ಆಳದ ಜೇಡಿಶಿಲೆಯಲ್ಲಿ ಉಳಿಯುವ ಸರಂಧ್ರತೆ ಶೇ 14ರ ಆಸುಪಾಸು. ಅಂದರೆ ಇಂದು 100 ಮೀಟರ್ ದಪ್ಪ ಕಾಣುವ ಪದರು ಕೂತ ಹೊತ್ತಿಗೆ ಸುಮಾರು 230 ಮೀಟರ್ ಇತ್ತು. ಮೇಲಿನ ಪದರನ್ನು ಲೆಕ್ಕದಲ್ಲೇ ಎತ್ತಿಹಾಕಿ, ಕೆಳಗಿನವನ್ನು ಮೇಲಕ್ಕೆ ತಂದು ಉಬ್ಬಿಸಿ, ಮತ್ತೆ ಅದರ ಮೇಲಿನದನ್ನು ಎತ್ತಿ ಉಬ್ಬಿಸುತ್ತ ಬಸಾಲ್ಟ್ ಬರಿದಾಗುವವರೆಗೂ ಹೋಗಬೇಕು. ಆಳಕ್ಕೆ ತಕ್ಕಂತೆ ಸರಂಧ್ರತೆ, ಸರಂಧ್ರತೆಗೆ ತಕ್ಕಂತೆ ದಪ್ಪ ಬದಲಾಗುವುದರಿಂದ ಒಂದೇ ಏಟಿಗೆ ಉತ್ತರ ಬರುವುದಿಲ್ಲ. ಊಹಿಸಿ, ತಿದ್ದಿ, ಮತ್ತೆ ಲೆಕ್ಕ ಹಾಕಬೇಕು. ನೀರು ಹೊರಹೋಗಲಾರದೆ ಒತ್ತಡ ಕಟ್ಟಿಕೊಂಡ ಜೇಡಿಶಿಲೆಯಲ್ಲಿ ಈ ಸೂತ್ರ ಕೈಕೊಡುತ್ತದೆ. ಅಲ್ಲಿ ಸರಂಧ್ರತೆ ಸೂತ್ರ ಹೇಳುವುದಕ್ಕಿಂತ ಹೆಚ್ಚೇ ಉಳಿದಿರುತ್ತದೆ. ಹಾಗಾಗಿ ಸಾಂದ್ರತೆಯ ಲಾಗ್ ಇದ್ದರೆ ಸೂತ್ರಕ್ಕಿಂತ ಮೊದಲು ಅದನ್ನೇ ನಂಬಬೇಕು.

ಎರಡನೆಯದು ಇಂದಿನ ಉಷ್ಣತೆ. ಬಾವಿ ಕೊರೆಯುವಾಗ ಮಡ್ (ಕೊರೆತಕ್ಕೆ ಬಳಸುವ ಕೆಸರಿನಂಥ ದ್ರವ) ಸುತ್ತುತ್ತಲೇ ಇರುವುದರಿಂದ ತಳದ ಕಲ್ಲು ತಣ್ಣಗಾಗಿರುತ್ತದೆ. ಲಾಗಿಂಗ್ ಉಪಕರಣ ತೋರಿಸುವ ತಳದ ಉಷ್ಣತೆ ಯಾವಾಗಲೂ ನಿಜಕ್ಕಿಂತ ಕಡಿಮೆ, ಎಷ್ಟೋ ಸಲ ಶೇ 10ರಿಂದ 20ರಷ್ಟು ಕಡಿಮೆ. ಇದನ್ನು ಸರಿಪಡಿಸಲು ಹಾರ್ನರ್ ವಿಧಾನವಿದೆ. ಮಡ್ 4 ಗಂಟೆ ಸುತ್ತಿತು, ನಿಂತ ಮೇಲೆ 6, 12, 18 ಗಂಟೆಗಳಿಗೆ ಅಳೆದಾಗ 120, 129, 132 ಡಿಗ್ರಿ ಬಂತು ಎಂದಿಟ್ಟುಕೊಳ್ಳಿ. ಸುತ್ತಿದ ಹೊತ್ತಿಗೆ ನಿಂತ ಹೊತ್ತನ್ನು ಕೂಡಿಸಿ, ಬಂದದ್ದನ್ನು ನಿಂತ ಹೊತ್ತಿನಿಂದ ಭಾಗಿಸಿದರೆ 1.67, 1.33, 1.22. ಇವುಗಳ ಲಾಗರಿದಮ್ಮಿಗೆ ಎದುರಾಗಿ ಉಷ್ಣತೆಯನ್ನು ಗುರುತಿಸಿ ಗೆರೆ ಎಳೆದು, ಅನುಪಾತ 1 ಆಗುವಲ್ಲಿಗೆ ಮುಂದುವರಿಸಿದರೆ ಸಿಗುವುದು 140 ಡಿಗ್ರಿ. ಮೊದಲ ಅಳತೆಗೂ ಇದಕ್ಕೂ 20 ಡಿಗ್ರಿ ಅಂತರ! ಲಾಗ್ ಹಾಳೆಯ ತಲೆಬರಹದಲ್ಲಿ ಮಡ್ ನಿಂತ ಸಮಯವನ್ನು ಯಾರೂ ಬರೆಯದೆ ಬಿಟ್ಟರೆ ಈ ತಿದ್ದುಪಡಿ ಸಾಧ್ಯವೇ ಇಲ್ಲ. ಒಂದು ಖಾಲಿ ಬಿಟ್ಟ ಅಂಕಣ ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಬಾವಿಯಿಂದ ದ್ರವ ಹರಿಸಿ ಪರೀಕ್ಷಿಸುವಾಗ ಸಿಗುವ ಉಷ್ಣತೆ ಇದಕ್ಕಿಂತ ಎಷ್ಟೋ ನಂಬಲರ್ಹ.

ಸಿಕ್ಕ ಉಷ್ಣತೆಯನ್ನು ಆಳದಿಂದ ಭಾಗಿಸಿ 'ಕಿಲೋಮೀಟರಿಗೆ ಇಷ್ಟು ಡಿಗ್ರಿ' ಎಂದು ಒಂದೇ ಅಂಕಿಯನ್ನು ಇಡೀ ಕೊಳ್ಳಕ್ಕೆ ಹಚ್ಚುವುದು ಸುಲಭ, ಆದರೆ ತಪ್ಪು. ಶಾಖಪ್ರವಾಹ 75 ಮಿಲಿವಾಟ್ ಇದ್ದರೆ, ಉಷ್ಣವಾಹಕತೆ (ಶಾಖ ಸಾಗಿಸುವ ಗುಣ, ಮೀಟರ್-ಕೆಲ್ವಿನ್‌ಗೆ ವಾಟ್‌ಗಳಲ್ಲಿ) 1.5 ಇರುವ ಜೇಡಿಶಿಲೆಯಲ್ಲಿ ಕಿಲೋಮೀಟರಿಗೆ 50 ಡಿಗ್ರಿ ಏರುತ್ತದೆ. ವಾಹಕತೆ 3 ಇರುವ ಮರಳುಗಲ್ಲಿನಲ್ಲಿ 25 ಮಾತ್ರ. ಕಲ್ಲಿದ್ದಲಂತೂ ಕಂಬಳಿ ಹೊದಿಸಿದ ಹಾಗೆ. ಅದರ ವಾಹಕತೆ 0.3ರ ಸುತ್ತ, 20 ಮೀಟರ್ ಕಲ್ಲಿದ್ದಲು ಒಂದೇ 5 ಡಿಗ್ರಿ ಸೇರಿಸುತ್ತದೆ. ಮೆಹ್ಸಾಣಾ ಭಾಗದಲ್ಲಿ ದಪ್ಪ ಕಲ್ಲಿದ್ದಲು ಪದರುಗಳಿರುವುದರಿಂದ ಇದು ಬಿಡಬಹುದಾದ ಸಂಗತಿಯಲ್ಲ. ಪದರು ಉಬ್ಬಿದಾಗ ಅದರೊಳಗಿನ ನೀರು ಹೆಚ್ಚಿ ವಾಹಕತೆಯೂ ಬದಲಾಗುತ್ತದೆ. ಆದ್ದರಿಂದ ಹೂಳಿನ ಲೆಕ್ಕ, ಕಾವಿನ ಲೆಕ್ಕ ಎರಡನ್ನೂ ಹೆಜ್ಜೆಹೆಜ್ಜೆಗೂ ಜೊತೆಯಾಗಿ ನಡೆಸಬೇಕು.

ಹಿಂದಿನ ಶಾಖಪ್ರವಾಹ ಎಷ್ಟಿತ್ತು? ಭೂಪದರ ಸೀಳಿ ಹಿಗ್ಗಿ ಹುಟ್ಟಿದ ಕೊಳ್ಳಗಳಿಗೆ ಮೆಕೆಂಜಿ 1978ರಲ್ಲಿ ಕೊಟ್ಟ ಮಾದರಿಯಿದೆ: ಹಿಗ್ಗಿದಾಗ ಶಾಖ ಏರುತ್ತದೆ, ಆಮೇಲೆ ಕೋಟಿಗಟ್ಟಲೆ ವರ್ಷಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಅದು ಒಳ್ಳೆಯ ಆರಂಭ, ಅಷ್ಟೇ. ಮಾದರಿ ಇಂದಿನ ಅಳತೆಗೆ ಹೊಂದದಿದ್ದರೆ ತಿದ್ದಬೇಕಾದದ್ದು ಮಾದರಿಯನ್ನು.

ಇನ್ನು ಕಲ್ಲಿನೊಳಗಿನ ಸಾಕ್ಷಿಗಳು. ಇಲ್ಲಿ ತಾಳ್ಮೆ ಬೇಕು, ಏಕೆಂದರೆ ತಪ್ಪುಗಳು ಹೆಚ್ಚು ಆಗುವುದೂ ಇಲ್ಲೇ. ವಿಟ್ರಿನೈಟ್ ಎಂಬುದು ಮರದ ಅಂಶ ಕಲ್ಲಾಗಿ ಉಳಿದ ಕಣ. ಕಾವು ಹೆಚ್ಚಿದಂತೆ ಅದು ಹೆಚ್ಚು ಬೆಳಕನ್ನು ಪ್ರತಿಫಲಿಸುತ್ತದೆ, ಒಮ್ಮೆ ಏರಿದ ಹೊಳಪು ಮತ್ತೆ ಇಳಿಯುವುದಿಲ್ಲ. ಕಲ್ಲನ್ನು ರಾಳದಲ್ಲಿ ಕೂರಿಸಿ ಉಜ್ಜಿ ನುಣುಪು ಮಾಡಿ, ಎಣ್ಣೆಯ ಹನಿಯ ಕೆಳಗೆ 546 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಪ್ರತಿಫಲನ ಶೇ 0.5-0.6 ಬಂದರೆ ಎಣ್ಣೆ ಹುಟ್ಟುವ ಆರಂಭ, 1.3 ದಾಟಿದರೆ ಎಣ್ಣೆಯ ಕಾಲ ಮುಗಿಯಿತು, 2 ದಾಟಿದರೆ ಒಣ ಅನಿಲ. ಒಂದು ಮಾದರಿಯಲ್ಲಿ 50 ಕಣಗಳನ್ನಾದರೂ ಅಳೆದು, ಸರಾಸರಿಯನ್ನಷ್ಟೇ ಹೇಳದೆ ಹಂಚಿಕೆಯ ಚಿತ್ರವನ್ನೇ ನೋಡಬೇಕು. ಬಾವಿಯ ಗೋಡೆಯಿಂದ ಉದುರಿ ಕೆಳಗಿನ ಪುಡಿಯೊಡನೆ ಬೆರೆತ ಮೇಲಿನ ಚೂರುಗಳು ಕಡಿಮೆ ಅಂಕಿ ಕೊಡುತ್ತವೆ. ಹಳೆಯ ಕಲ್ಲು ಸವೆದು ಬಂದು ಮತ್ತೆ ಕೂತ ಕಣಗಳು ಹೆಚ್ಚು ಅಂಕಿ ಕೊಡುತ್ತವೆ. ಹೈಡ್ರೋಜನ್ ಹೇರಳವಾಗಿರುವ ಮೂಲಶಿಲೆಯಲ್ಲಿ ಹೊಳಪು ತಗ್ಗಿ ಕಾಣುತ್ತದೆ. ಒಳ್ಳೆಯ ಮೂಲಶಿಲೆಯನ್ನೇ 'ಇನ್ನೂ ಬೆಂದಿಲ್ಲ' ಎಂದು ತಪ್ಪು ತಿಳಿಯುವ ಅಪಾಯ ಇದರಿಂದಲೇ. ಶಿಲಾದ್ರವ ಬಿರುಕಿಗೆ ನುಗ್ಗಿ ಗೋಡೆಯಂತೆ ಗಟ್ಟಿಯಾದ ಡೈಕ್ ಹತ್ತಿರದಲ್ಲಿದ್ದರೆ ಅದರ ದಪ್ಪದ ಒಂದೆರಡು ಪಟ್ಟು ದೂರದವರೆಗೆ ಕಲ್ಲು ಸುಟ್ಟಿರುತ್ತದೆ. ಅಲ್ಲಿನ ಮಾದರಿಯಿಂದ ಇಡೀ ಕೊಳ್ಳದ ಕಾವನ್ನು ಹೇಳಲಾಗದು.

ಹೊಳಪಿನಿಂದ ನೇರವಾಗಿ ಉಷ್ಣತೆ ಓದಲೂ ಆಗದು, ಏಕೆಂದರೆ ಕಾವಿನ ಜೊತೆ ಕಾಲವೂ ಕೆಲಸ ಮಾಡಿರುತ್ತದೆ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೂ ಅನ್ನ ಬೇಯುತ್ತದಲ್ಲವೇ? 1971ರಲ್ಲಿ ಲೋಪಾಟಿನ್ 'ಪ್ರತಿ 10 ಡಿಗ್ರಿಗೆ ವೇಗ ಇಮ್ಮಡಿ' ಎಂಬ ಸರಳ ನಿಯಮ ಹಾಕಿದರು. ಈಗ ಬಳಕೆಯಲ್ಲಿರುವುದು 1990ರಲ್ಲಿ ಸ್ವೀನಿ ಮತ್ತು ಬರ್ನಹ್ಯಾಮ್ ಕೊಟ್ಟ ಲೆಕ್ಕ. ಕ್ರಿಯಾಶಕ್ತಿ (ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಮೋಲ್‌ಗೆ 34ರಿಂದ 72 ಕಿಲೋಕ್ಯಾಲರಿವರೆಗೆ ಹಂಚಿದ 20 ಸಮಾನಾಂತರ ಕ್ರಿಯೆಗಳು ಅದರಲ್ಲಿವೆ. ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲೇ ಮಾಡಬಹುದು. ನಾವು ಊಹಿಸಿದ ಹೂಳು-ಕಾವಿನ ಚರಿತ್ರೆಯನ್ನು ಅದಕ್ಕೆ ಕೊಟ್ಟರೆ ಬರಬೇಕಾದ ಹೊಳಪನ್ನು ಹೇಳುತ್ತದೆ. ಅಳೆದದ್ದಕ್ಕೆ ಹೊಂದದಿದ್ದರೆ ಊಹೆ ತಪ್ಪು.

ಹೊಂದಿದರೆ ಸರಿ ಎಂದೇ ಅರ್ಥವೇ? ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಇಂದು 2 ಕಿಲೋಮೀಟರ್ ಆಳದಲ್ಲಿರುವ ಮಾದರಿ 115 ಡಿಗ್ರಿ ಕಂಡಿದೆ, ಮೇಲ್ಮೈ 25 ಡಿಗ್ರಿ ಎಂದುಕೊಳ್ಳಿ. ಕಿಲೋಮೀಟರಿಗೆ 45 ಡಿಗ್ರಿ ಏರಿಕೆ ಇದ್ದು ಮೇಲಿನಿಂದ ಏನೂ ಸವೆಯದಿದ್ದರೂ 115 ಬರುತ್ತದೆ. ಕಿಲೋಮೀಟರಿಗೆ 30 ಇದ್ದು, ಮೇಲೆ ಇದ್ದ 1 ಕಿಲೋಮೀಟರ್ ಕಲ್ಲು ಸವೆದು ಹೋಗಿದ್ದರೂ 115 ಬರುತ್ತದೆ. ಒಂದು ಮಾದರಿ ಇವೆರಡನ್ನು ಬೇರೆ ಮಾಡಿ ಹೇಳಲಾರದು. ಅದೇ ಬಾವಿಯ 1 ಕಿಲೋಮೀಟರ್ ಆಳದಲ್ಲಿ ಮೊದಲ ಕಥೆ 70 ಡಿಗ್ರಿ ಎನ್ನುತ್ತದೆ, ಎರಡನೆಯದು 85. 3 ಕಿಲೋಮೀಟರಿನಲ್ಲಿ ಮೊದಲನೆಯದು 160, ಎರಡನೆಯದು 145. ಆದ್ದರಿಂದ ಬಾವಿಯ ಉದ್ದಕ್ಕೂ ಮಾದರಿ ಬೇಕು; ಏರಿಕೆಯ ಓರೆ ಶಾಖವನ್ನು ಹೇಳುತ್ತದೆ, ಗೆರೆ ಜರುಗಿದ ಪ್ರಮಾಣ ಸವೆತವನ್ನು ಹೇಳುತ್ತದೆ. 'ಒಂದು ಮಾದರಿಯ ಪರೀಕ್ಷೆಯಲ್ಲಿ ತೈಲದ ಸುಳಿವು' ಎಂಬ ವರದಿ ಕಂಡಾಗ ನಮಗೆ ಕಳವಳವಾಗುವುದು ಇದಕ್ಕೇ.

ಸವೆದುಹೋದ ದಪ್ಪವನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು. ಒಮ್ಮೆ ಹಿಂಡಿದ ಜೇಡಿಶಿಲೆ ಭಾರ ಇಳಿದ ಮೇಲೆ ಮೊದಲಿನಂತೆ ಉಬ್ಬುವುದಿಲ್ಲ, ಆದ್ದರಿಂದ ಅದರಲ್ಲಿ ಶಬ್ದ ಬೇಗ ಸಾಗುತ್ತದೆ. ಮೇಲ್ಮೈಯ ಹಸಿ ಜೇಡಿಯಲ್ಲಿ ಅಡಿಗೆ ಸುಮಾರು 180ರಿಂದ 200 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಶಬ್ದ ಸಾಗುವ ಹೊತ್ತನ್ನು ಅಳೆದ ಲಾಗಿನ ಗೆರೆ ಆ ಅಂಕಿಯನ್ನು ಮುಟ್ಟಲು ನೆಲಕ್ಕಿಂತ ಎಷ್ಟು ಮೇಲೆ ಹೋಗಬೇಕೋ ಅಷ್ಟು ಕಲ್ಲು ಕಳೆದಿದೆ. ಒಂದು ಷರತ್ತಿದೆ: ಸವೆತದ ನಂತರ ಮತ್ತೆ ಕೂತ ಹೂಳು ಕಳೆದದ್ದಕ್ಕಿಂತ ದಪ್ಪವಾದರೆ ಹಳೆಯ ಗುರುತು ಅಳಿಸಿಹೋಗುತ್ತದೆ.

ವಿಟ್ರಿನೈಟ್ 'ಎಷ್ಟು' ಎಂದು ಹೇಳುತ್ತದೆ, 'ಯಾವಾಗ' ಎಂದು ಹೇಳುವುದಿಲ್ಲ. ಅದಕ್ಕೆ ಅಪಟೈಟ್ ಎಂಬ ಖನಿಜದ ಹರಳುಗಳಿವೆ. ಯುರೇನಿಯಂ-238 ತಾನಾಗಿ ಒಡೆದಾಗ ಹರಳಿನಲ್ಲಿ ಸುಮಾರು 16 ಮೈಕ್ರೊಮೀಟರ್ ಉದ್ದದ ಗೀರು ಬೀಳುತ್ತದೆ. ಸುಮಾರು 60 ಡಿಗ್ರಿಯಿಂದ ಗೀರು ಮೊಟಕಾಗತೊಡಗಿ 110-120 ಡಿಗ್ರಿ ಹೊತ್ತಿಗೆ ಮಾಯವಾಗುತ್ತದೆ. ಗೀರುಗಳ ಸಂಖ್ಯೆಯಿಂದ ಕಾಲ, ಉದ್ದದಿಂದ ತಣಿದ ರೀತಿ ಗೊತ್ತಾಗುತ್ತದೆ: ಉದ್ದ ಗೀರುಗಳೇ ತುಂಬಿದ್ದರೆ ಬೇಗ ತಣಿದಿದೆ, ಉದ್ದ-ಮೊಟಕು ಬೆರೆತಿದ್ದರೆ ನಡುವಿನ ಕಾವಿನಲ್ಲಿ ಬಹಳ ಕಾಲ ತಂಗಿದೆ. ಗೀರು ಕಾಣಿಸಲು 5.5 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ, 21 ಡಿಗ್ರಿಯಲ್ಲಿ, ಸರಿಯಾಗಿ 20 ಸೆಕೆಂಡ್ ಅದ್ದಬೇಕು. ನಮ್ಮ ಬೇಸಿಗೆಯಲ್ಲಿ ಪ್ರಯೋಗಾಲಯದ ಆಮ್ಲ 30 ಡಿಗ್ರಿಗೆ ಏರಿದ್ದರೆ ಗೀರು ಅಗಲವಾಗಿ ಅಳತೆ ಕೆಡುತ್ತದೆ. ನೀರಿನ ತೊಟ್ಟಿಯಲ್ಲಿಟ್ಟು ಉಷ್ಣತೆ ಹಿಡಿದಿಡಬೇಕು. ಕ್ಲೋರಿನ್ ಹೆಚ್ಚಿರುವ ಹರಳುಗಳು ಕಾವನ್ನು ಹೆಚ್ಚು ತಾಳುತ್ತವೆ. ಅದನ್ನು ಅಳೆಯದೆ ಎಲ್ಲ ಹರಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕಾಲ, ಕಾವು ಎರಡೂ ತಪ್ಪುತ್ತವೆ. 'ಯಾವಾಗ' ಎಂಬುದು ಮುಖ್ಯವಾಗುವುದು ಏಕೆಂದರೆ ಎಣ್ಣೆ ಹರಿದುಬರುವ ಮೊದಲೇ ಅದನ್ನು ಹಿಡಿದಿಡುವ ಕಲ್ಲಿನ ಗುಮ್ಮಟ ತಯಾರಾಗಿರಬೇಕು. ಗುಮ್ಮಟ ಆಮೇಲೆ ಎದ್ದರೆ ಎಣ್ಣೆ ಎಂದೋ ತಪ್ಪಿಸಿಕೊಂಡಿರುತ್ತದೆ.

ಈಗ ನಮ್ಮ ಭೀಮಾ-ಕಲಾದಗಿಗೆ ಬರೋಣ. ಶಹಾಬಾದ್ ಕಲ್ಲಾಗಿ ನಮ್ಮ ಮನೆಗಳ ನೆಲಕ್ಕೆ ಬಂದದ್ದು ಭೀಮಾ ಕೊಳ್ಳದ ಸುಣ್ಣಕಲ್ಲು. ಬಾದಾಮಿಯ ಗುಹೆಗಳನ್ನು ಕೊರೆದದ್ದು ಕಲಾದಗಿಯ ಮೇಲಿನ ಮರಳುಗಲ್ಲಿನಲ್ಲಿ. ಇವು ಕೂತ ಕಾಲದಲ್ಲಿ ನೆಲದ ಮೇಲೆ ಗಿಡಮರ ಇರಲೇ ಇಲ್ಲ. ಮರವಿಲ್ಲದ ಕಾಲದ ಕಲ್ಲಿನಲ್ಲಿ ವಿಟ್ರಿನೈಟ್ ಎಲ್ಲಿಂದ ಬರಬೇಕು? ಇಲ್ಲಿನ ಕಲ್ಲಿಗೆ ಯಾರಾದರೂ ವಿಟ್ರಿನೈಟ್ ಅಂಕಿ ಕೊಟ್ಟರೆ ಅಳೆದದ್ದು ಏನನ್ನು ಎಂದು ಕೇಳಲೇಬೇಕು. ಬಿರುಕುಗಳಲ್ಲಿ ಗಟ್ಟಿಯಾದ ಬಿಟುಮೆನ್ (ಟಾರಿನಂಥ ಕಪ್ಪು ವಸ್ತು) ಸಿಕ್ಕರೆ ಅದರ ಹೊಳಪನ್ನು 0.618ರಿಂದ ಗುಣಿಸಿ 0.40 ಕೂಡಿಸಿ ಸಮಾನ ಅಂಕಿ ಪಡೆಯುವ ಯಾಕೋಬ್ ಸೂತ್ರವಿದೆ. ಜೇಡಿಯಲ್ಲಿನ ಇಲ್ಲೈಟ್ ಖನಿಜದ ಎಕ್ಸ್‌ರೇ ಶೃಂಗ ಎಷ್ಟು ಅಗಲ ಎಂದು ನೋಡುವ ಕ್ಯೂಬ್ಲರ್ ಸೂಚ್ಯಂಕವಿದೆ, 0.42ಕ್ಕಿಂತ ಹೆಚ್ಚಿದ್ದರೆ ಕಲ್ಲು ರೂಪಾಂತರದ ಹೊಸ್ತಿಲು ದಾಟಿಲ್ಲ, 0.25ಕ್ಕಿಂತ ಕಡಿಮೆಯಾದರೆ ಎಣ್ಣೆಯ ಮಾತೇ ಬೇಡ. 2 ಮೈಕ್ರೊಮೀಟರಿಗಿಂತ ಸಣ್ಣ ಕಣಗಳನ್ನಷ್ಟೇ ಬೇರ್ಪಡಿಸಿ ಅಳೆಯಬೇಕು, ಇಲ್ಲವಾದರೆ ಹಳೆಯ ಗ್ರಾನೈಟ್‌ನಿಂದ ಕೊಚ್ಚಿಬಂದ ಅಭ್ರಕದ ಕಾವನ್ನು ಈ ಕೊಳ್ಳದ ತಲೆಗೆ ಕಟ್ಟಿದಂತಾಗುತ್ತದೆ.

ಭೀಮಾ ಕೊಳ್ಳದಲ್ಲಿ ಉಳಿದಿರುವ ಪದರುಗಳ ಒಟ್ಟು ದಪ್ಪ ಸುಮಾರು 300 ಮೀಟರ್. ಇಂದಿನ ಆಳವೊಂದೇ ಲೆಕ್ಕವಾದರೆ ತಳದ ಕಲ್ಲು ಮೇಲ್ಮೈಗಿಂತ ಐದಾರು ಡಿಗ್ರಿ ಬಿಸಿ, ಅಷ್ಟೇ. ಈ ತಣ್ಣನೆಯ ಶಿಲಾಫಲಕದಲ್ಲಿ ಕಿಲೋಮೀಟರಿಗೆ 18 ಡಿಗ್ರಿ ಏರಿಕೆ ಹಿಡಿದರೆ, ಎಣ್ಣೆ ಹುಟ್ಟುವಂಥ 120 ಡಿಗ್ರಿ ಮುಟ್ಟಲು 5 ಕಿಲೋಮೀಟರಿಗೂ ಹೆಚ್ಚು ಕಲ್ಲು ಮೇಲೆ ಇದ್ದಿರಬೇಕು. ಇದ್ದು ಸವೆದು ಹೋಯಿತೇ? ಅಂದಿನ ಶಾಖಪ್ರವಾಹ ಹೆಚ್ಚಿತ್ತೇ? ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಕೂತಿರುವ ಬಿರುಕುಗಳಂಥ ದಾರಿಯಲ್ಲಿ ಬಿಸಿ ದ್ರವ ಹರಿದು ಅಲ್ಲಲ್ಲಿ ಮಾತ್ರ ಕಾವು ಏರಿತೇ? ಉತ್ತರದಲ್ಲಿ ದಖ್ಖನ್ ಲಾವಾ ಹೊದಿಕೆ ಎಷ್ಟು ದಪ್ಪವಿತ್ತು? ಇವು ಅಳೆದು ಉತ್ತರಿಸಬಹುದಾದ ಪ್ರಶ್ನೆಗಳು. ಹಳೆಯ ಕಲ್ಲು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದೂ ಸರಿಯಲ್ಲ. ಒಮಾನ್‌ನಲ್ಲೂ ಪೂರ್ವ ಸೈಬೀರಿಯಾದಲ್ಲೂ ಇಂಥ ಪುರಾತನ ಮೂಲಶಿಲೆಗಳ ಎಣ್ಣೆಯನ್ನು ತೆಗೆಯುತ್ತಿದ್ದಾರೆ.

ಯುರೇನಿಯಂಗೆ, ಸಿಮೆಂಟ್ ಸುಣ್ಣಕಲ್ಲಿಗೆ ಈ ಭಾಗದಲ್ಲಿ ಕೊರೆಯುವ ರಂಧ್ರಗಳು ಇದಕ್ಕೆ ಸಾಕಷ್ಟು ನೆರವಾಗಬಲ್ಲವು. ಕೊರೆದವರನ್ನೂ ಸಂಬಂಧಪಟ್ಟ ಇಲಾಖೆಗಳನ್ನೂ ನಿಮ್ಮ ಮೂಲಕ ಕೇಳುವುದಿಷ್ಟು. ಬೇಕಾದ ಖನಿಜ ಸಿಗದ ಕೋರ್‌ಗಳನ್ನೂ (ಕೊರೆದು ತೆಗೆದ ಕಲ್ಲಿನ ಕಂಬಗಳನ್ನೂ) ಎಸೆಯಬೇಡಿ, ಆಳ ಬರೆದ ಪೆಟ್ಟಿಗೆಯಲ್ಲಿ ಇಡಿ. ಕಪ್ಪು ಜೇಡಿಶಿಲೆ ಕಂಡಲ್ಲಿ ಒಂದು ಗೇಣು ಕೋರನ್ನು ಪೂರ್ತಿಯಾಗಿ, ಅರೆ ಕತ್ತರಿಸದೆ ಉಳಿಸಿ. ಕೊರೆದಾಗ ಬರುವ ಕಲ್ಲಿನ ಪುಡಿಯನ್ನು ಒಲೆಯ ಮೇಲೆ ಒಣಗಿಸಬೇಡಿ, ನೆರಳಲ್ಲಿ ಒಣಗಿಸಿ. ಒಲೆಯ ಕಾವು ಕಲ್ಲಿನಲ್ಲಿರುವ ಹಗುರ ಹೈಡ್ರೋಕಾರ್ಬನ್ ಅನ್ನು ಓಡಿಸಿಬಿಡುತ್ತದೆ. ಕೊರೆದ ಕೂಡಲೇ ರಂಧ್ರ ಮುಚ್ಚದೆ ಕೆಲವು ವಾರ ಬಿಟ್ಟು, ಥರ್ಮಿಸ್ಟರ್ ಇಳಿಸಿ 5 ಮೀಟರಿಗೊಮ್ಮೆ ಉಷ್ಣತೆ ಅಳೆಯಿರಿ. ಮೇಲಿನ 100 ಮೀಟರಿನಲ್ಲಿ ಅಂತರ್ಜಲದ ಹರಿವು ಅಳತೆ ಕೆಡಿಸುವುದರಿಂದ ಅದಕ್ಕಿಂತ ಕೆಳಗಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದೇ ಕೋರಿನ ಉಷ್ಣವಾಹಕತೆಯನ್ನು, ನೀರಲ್ಲಿ ನೆನೆಸಿದ ಮೇಲೆ, ಪ್ರಯೋಗಾಲಯದಲ್ಲಿ ಅಳೆದರೆ ಆ ಜಾಗದ ಶಾಖಪ್ರವಾಹ ಕೈಗೆ ಸಿಗುತ್ತದೆ. ಇದಕ್ಕೆ ತಗಲುವ ವೆಚ್ಚ ಕೊರೆಯುವ ವೆಚ್ಚದ ಮುಂದೆ ತೀರಾ ಅಲ್ಪ.

ನಿಮ್ಮ ವರದಿಗಾರರಿಗೂ ಒಂದು ವಿನಂತಿ. ಮುಂದಿನ ಸಲ ಯಾರಾದರೂ 'ಇಲ್ಲಿ ತೈಲ ಇದೆ' ಅಥವಾ 'ಇಲ್ಲ' ಎಂದು ಹೇಳಿಕೆ ಕೊಟ್ಟಾಗ, ಎಷ್ಟು ಆಳಗಳಿಂದ ಮಾದರಿ ತೆಗೆದಿರಿ, ಗರಿಷ್ಠ ಕಾವನ್ನು ಯಾವ ಸಾಕ್ಷಿಯಿಂದ ಹೇಳುತ್ತೀರಿ, ಸವೆದುಹೋದ ದಪ್ಪವನ್ನು ಎಷ್ಟು ಎಂದು ಹಿಡಿದಿದ್ದೀರಿ ಎಂದು ಕೇಳಿ, ಬಂದ ಉತ್ತರವನ್ನು ಅಂಕಿಗಳ ಸಮೇತ ಅಚ್ಚು ಹಾಕಿ.

ಇಂತಿ,
ಭೂವಿಜ್ಞಾನದ ಕೆಲವು ಅಧ್ಯಾಪಕರು ಮತ್ತು ನಿವೃತ್ತ ತೈಲಬಾವಿ ಭೂವಿಜ್ಞಾನಿಗಳು,
ಧಾರವಾಡ